ಮೊದಲೇ ಹೊಡೆಯಬೇಕಾ, ಬಡ್ಡಿ ಬೆಳೆಸಬೇಕಾ? ಟಿಎಫ್‌ಟಿಯ ನಾಲ್ಕು ದಾರಿಗಳ ಹೋಲಿಕೆ

ಟೀಮ್‌ಫೈಟ್ ಟ್ಯಾಕ್ಟಿಕ್ಸ್ (ಟಿಎಫ್‌ಟಿ) ಎಂಟು ಜನ ಆಡುವ ಗೇಮ್. ಶಾಪ್‌ನಲ್ಲಿ ಗೋಲ್ಡ್ ಕೊಟ್ಟು ಚಾಂಪಿಯನ್‌ಗಳನ್ನು ಕೊಂಡು ಬೋರ್ಡಿನಲ್ಲಿ ನಿಲ್ಲಿಸಿದರೆ ಅವರೇ ಹೊಡೆದಾಡುತ್ತಾರೆ. ಇದನ್ನು ಆಡುವವರ ಗೊಂದಲ ಹೆಚ್ಚುಕಡಿಮೆ ಒಂದೇ. ಶುರುವಿನಲ್ಲೇ ಗೋಲ್ಡ್ ಸುರಿದು ಗೆಲ್ಲುತ್ತಾ ಹೋದರೆ ಸ್ಟೇಜ್ 4ರ ಹೊತ್ತಿಗೆ ಕೈ ಖಾಲಿ. ಕೂಡಿಡುತ್ತಾ ಕೂತರೆ ಗೋಲ್ಡ್ ಇರುತ್ತದೆ, ಜೀವ ಇರುವುದಿಲ್ಲ. ಹಾಗಾದರೆ ಯಾವುದು ಸರಿ?

ಎರಡೂ ಸರಿ, ಆದರೆ ಒಂದೇ ಕೈಗೆ ಎರಡೂ ಸರಿ ಅಲ್ಲ. ಗೇಮ್‌ನಲ್ಲಿ ಗೆಲುವಿಗೂ ಗೋಲ್ಡ್ ಸಿಗುತ್ತದೆ, ಕೂಡಿಟ್ಟರೂ ಬಡ್ಡಿಯಾಗಿ ಗೋಲ್ಡ್ ಸಿಗುತ್ತದೆ. ಅಂದರೆ ಹೊಡೆತ ಮತ್ತು ಉಳಿತಾಯ ಶತ್ರುಗಳೇನಲ್ಲ. ನಷ್ಟ ಆಗುವುದು ಗೆಲುವು ತರದ ಖರ್ಚಿನಿಂದ. ಬೋರ್ಡ್ ಸ್ವಲ್ಪ ಗಟ್ಟಿಯಾಯಿತು, ಆದರೂ ಸೋತಿರಿ ಅಂತಿಟ್ಟುಕೊಳ್ಳಿ. ಆಗ ಗೋಲ್ಡೂ ಹೋಯಿತು, ಎಚ್‌ಪಿಯೂ (ಗೇಮ್‌ನಲ್ಲಿ ನಿಮಗೆ ಉಳಿದ ಜೀವ) ಹೋಯಿತು. ಈ ಒಂದು ವಿಷಯ ತಲೆಯಲ್ಲಿಟ್ಟುಕೊಂಡರೆ ಮುಂದಿನ ಹೋಲಿಕೆ ಸುಲಭ.

ಈ ಬಡ್ಡಿಯ ಪದ್ಧತಿ ಟಿಎಫ್‌ಟಿಯ ಸ್ವಂತದ್ದಲ್ಲ. 2019ರ ಜನವರಿಯಲ್ಲಿ ಚೀನಾದ ಡ್ರೋಡೋ ಸ್ಟುಡಿಯೋ ಡೋಟಾ 2 ಎಂಬ ಗೇಮ್ ಒಳಗೆ ಮಾಡಿದ ಡೋಟಾ ಆಟೋ ಚೆಸ್‌ನಲ್ಲೇ 10 ಗೋಲ್ಡಿಗೆ 1 ಬಡ್ಡಿ, ಜಾಸ್ತಿ ಅಂದರೆ 5 ಎಂಬ ನಿಯಮ ಇತ್ತು. ಅದೇ ವರ್ಷ ಜೂನ್‌ನಲ್ಲಿ ರಯಟ್ ಗೇಮ್ಸ್ ಟಿಎಫ್‌ಟಿ ತಂದಾಗ ಆ ನಿಯಮವನ್ನು ಹಾಗೇ ಉಳಿಸಿಕೊಂಡಿತು.

10 ಗೋಲ್ಡಿನ ನಿಜವಾದ ಬೆಲೆ

ಸ್ಟೇಜ್ 2 ಶುರುವಾದ ಮೇಲೆ ರೌಂಡಿಗೆ 5 ಗೋಲ್ಡ್ ಮಾಮೂಲಿ ಆದಾಯ. ಅದರ ಮೇಲೆ ಬಡ್ಡಿ. ಇನ್ನೊಬ್ಬ ಆಟಗಾರನ ಮೇಲೆ ಗೆದ್ದರೆ 1 ಹೆಚ್ಚು. ಸತತವಾಗಿ ಗೆದ್ದರೆ ಅಥವಾ ಸತತವಾಗಿ ಸೋತರೆ ಸ್ಟ್ರೀಕ್ ಗೋಲ್ಡ್, 1ರಿಂದ 3ರ ತನಕ. ಎಷ್ಟು ರೌಂಡಿಗೆ ಎಷ್ಟು ಎಂಬುದನ್ನು ರಯಟ್‌ನವರು ಆಗಾಗ ಬದಲಿಸುತ್ತಾರೆ. ನೀವು ಆಡುವ ಸೆಟ್‌ನಲ್ಲಿ (ಚಾಂಪಿಯನ್‌ಗಳನ್ನು ಬದಲಿಸಿ ಆಗಾಗ ತರುವ ಹೊಸ ಆವೃತ್ತಿ) ಒಮ್ಮೆ ನೋಡಿಕೊಳ್ಳಿ.

ಈಗ ನಿಮ್ಮ ಹತ್ತಿರ 20 ಗೋಲ್ಡ್ ಇದೆ ಅಂದುಕೊಳ್ಳಿ. ಏನೂ ಖರ್ಚು ಮಾಡದೆ, ಗೆಲುವು ಸೋಲಿನ ಗೋಲ್ಡನ್ನೂ ಬಿಟ್ಟು, ಬರೀ 5 ಮತ್ತು ಬಡ್ಡಿ ಲೆಕ್ಕ ಹಾಕಿ. ಮುಂದಿನ ನಾಲ್ಕು ರೌಂಡಿನಲ್ಲಿ 27, 34, 42, 51 ಆಗುತ್ತದೆ. ಅದೇ 20ರಲ್ಲಿ 10 ಖರ್ಚು ಮಾಡಿ ಶುರು ಮಾಡಿದರೆ 16, 22, 29, 36. ನಾಲ್ಕು ರೌಂಡಿನ ಕೊನೆಗೆ ವ್ಯತ್ಯಾಸ 15. ನೀವು ಖರ್ಚು ಮಾಡಿದ್ದು 10, ಬಿಟ್ಟುಕೊಟ್ಟ ಬಡ್ಡಿ 5.

ಆ 5 ಗೋಲ್ಡನ್ನು ವಾಪಸ್ ತರಲು ಏನಾಗಬೇಕು? ಆ ನಾಲ್ಕು ರೌಂಡೂ ಗೆದ್ದರೆ ಗೆಲುವಿನದೇ 4 ಗೋಲ್ಡ್. ಸ್ಟ್ರೀಕ್ ಸೇರಿದರೆ ಬಡ್ಡಿ ತೀರಿ ಮೇಲೆ ಒಂದಿಷ್ಟು ಉಳಿಯುತ್ತದೆ. ಜೊತೆಗೆ ಎಚ್‌ಪಿ ಹಾಗೇ ಇರುತ್ತದೆ. ಎರಡು ಗೆದ್ದು ಎರಡು ಸೋತರೆ 2 ಗೋಲ್ಡ್ ಬಂತು, ಸ್ಟ್ರೀಕ್ ಇಲ್ಲ, ಎಚ್‌ಪಿ ಕಡಿಮೆ. ಹತ್ತು ಗೋಲ್ಡ್ ಖರ್ಚು ಮಾಡುವ ಮುಂಚೆ "ಬಡ್ಡಿ ಹೋಗುತ್ತಲ್ಲ" ಎಂದು ಕೊರಗಬೇಡಿ. "ಇದರಿಂದ ಮುಂದಿನ ಮೂರು ನಾಲ್ಕು ರೌಂಡ್ ಗೆಲ್ಲುತ್ತೀನಾ" ಎಂದು ಕೇಳಿಕೊಳ್ಳಿ.

50 ದಾಟಿದ ಮೇಲೆ ಮಾತೇ ಬೇರೆ. 50ರ ಮೇಲಿನ ಗೋಲ್ಡಿಗೆ ಬಡ್ಡಿಯೇ ಇಲ್ಲ. ರಿಚ್ ಗೆಟ್ ರಿಚರ್‌ನಂಥ ಆಗ್ಮೆಂಟ್ (ಗೇಮ್ ನಡುವೆ ಆರಿಸಿಕೊಳ್ಳುವ ಹೆಚ್ಚುವರಿ ಅನುಕೂಲ) ಸಿಕ್ಕರೆ ಮಾತ್ರ ಮಿತಿ 7ಕ್ಕೆ ಏರುತ್ತದೆ. 68 ಗೋಲ್ಡ್ ಇಟ್ಟುಕೊಂಡು ಸೋಲುತ್ತಾ ಕೂರುವವರನ್ನು ನೋಡಿದರೆ ನನಗೆ ಅಯ್ಯೋ ಅನಿಸುತ್ತದೆ. ಆ 18 ಗೋಲ್ಡ್ ಅಲ್ಲಿ ಸುಮ್ನೆ ಕೂತಿದೆ, ಒಂದು ಪೈಸೆ ದುಡಿಯುತ್ತಿಲ್ಲ.

ಏನನ್ನು ನೋಡಿ ಆರಿಸಬೇಕು

ಮೊದಲನೆಯದು ಕೈಯಲ್ಲಿರುವ ಜೋಡಿಗಳು. ಒಂದೇ ಚಾಂಪಿಯನ್‌ನ ಮೂರು ಪ್ರತಿ ಸೇರಿದರೆ ಟೂ ಸ್ಟಾರ್, ಒಂಬತ್ತು ಸೇರಿದರೆ ತ್ರೀ ಸ್ಟಾರ್. ಸ್ಟೇಜ್ 2ರಲ್ಲಿ ಎರಡು ಟೂ ಸ್ಟಾರ್ ಇದ್ದರೆ ನೀವು ಬಲವಾಗಿದ್ದೀರಿ ಎಂದೇ ಅರ್ಥ. ಎರಡನೆಯದು ಐಟಂ. ಚೈನ್ ವೆಸ್ಟ್, ಜೈಂಟ್ಸ್ ಬೆಲ್ಟ್ ಬಂದರೆ ಈಗಲೇ ಕೆಲಸಕ್ಕೆ ಬರುವ, ಪೆಟ್ಟು ತಡೆಯುವ ಟ್ಯಾಂಕ್ ಐಟಂ ಮಾಡಬಹುದು. ಬರೀ ಬಿ.ಎಫ್. ಸ್ವೋರ್ಡ್, ಬೋ ಬಂದು ಅವನ್ನು ಹಿಡಿಯುವವರೇ ಇಲ್ಲದಿದ್ದರೆ ಅದು ಮುಂದಿನ ಮಾತು.

ಮೂರನೆಯದು ಎಚ್‌ಪಿ. 100ರಿಂದ ಶುರು. ಇದೂ ಖರ್ಚು ಮಾಡಬಹುದಾದ ದುಡ್ಡೇ, ಆದರೆ ಮತ್ತೆ ಗಳಿಸಲು ಆಗುವುದಿಲ್ಲ. ಸೋತಾಗ ಬೀಳುವ ಪೆಟ್ಟು ಎರಡು ಭಾಗದ್ದು. ಒಂದು ಸ್ಟೇಜ್‌ಗೆ ತಕ್ಕಂತೆ, ಇನ್ನೊಂದು ಎದುರಾಳಿಯ ಬೋರ್ಡಿನಲ್ಲಿ ಉಳಿದ ಯೂನಿಟ್‌ಗಳಿಗೆ ತಕ್ಕಂತೆ. ಸ್ಟೇಜ್ 2ರಲ್ಲಿ ಸೋತರೆ ಚಿಕ್ಕ ಪೆಟ್ಟು. ಸ್ಟೇಜ್ 4ರಲ್ಲಿ ಚೆನ್ನಾಗಿ ಸೋತರೆ ಹತ್ತು ದಾಟುವುದು ಮಾಮೂಲು. ಸೋಲುವುದಾದರೆ ಅಗ್ಗವಾಗಿರುವಾಗ ಸೋಲಬೇಕು.

ನಾಲ್ಕನೆಯದು ಉಳಿದ ಏಳು ಜನ. ಚಾಂಪಿಯನ್‌ಗಳ ಪ್ರತಿಗಳು ಎಂಟೂ ಜನರಿಗೆ ಒಂದೇ ರಾಶಿಯಿಂದ ಬರುತ್ತವೆ. ನೀವು ಹುಡುಕುವುದನ್ನೇ ಇನ್ನಿಬ್ಬರು ಹುಡುಕುತ್ತಿದ್ದರೆ ಎಷ್ಟು ಗೋಲ್ಡ್ ಇದ್ದರೂ ಸಾಲದು.

ಕೊನೆಯದನ್ನು ಯಾರೂ ಹೇಳುವುದಿಲ್ಲ, ಅದು ನಿಮ್ಮ ಸಾಧನ ಮತ್ತು ಗಮನ. ಫೋನಿನಲ್ಲಿ ಆಡುತ್ತೀರಾ, ಕಂಪ್ಯೂಟರಿನಲ್ಲಾ? ಮೂವತ್ತು ಸೆಕೆಂಡಿನ ಆಸುಪಾಸಿನಲ್ಲಿ ಹದಿನೈದು ಸಲ ಶಾಪ್ ತಿರುಗಿಸಿ, ಬೇಕಾದ್ದನ್ನು ಆರಿಸಿ, ಬೋರ್ಡ್ ಜೋಡಿಸಲು ನಿಮ್ಮ ಬೆರಳಿಗೆ ಆಗುತ್ತದಾ? ಇದರ ಮೇಲೆ ದಾರಿ ಬದಲಾಗುತ್ತದೆ.

ಗೆಲ್ಲುತ್ತಾ ಹೋಗುವ ದಾರಿ

2-1ರಲ್ಲಿ (ಸ್ಟೇಜ್ 2ರ ಮೊದಲ ರೌಂಡ್) 4 ಗೋಲ್ಡ್ ಕೊಟ್ಟು 4 ಎಕ್ಸ್‌ಪಿ (ಲೆವೆಲ್ ಏರಿಸುವ ಅಂಕ) ಕೊಂಡು ಲೆವೆಲ್ 4ಕ್ಕೆ ಹೋಗುವುದು, 2-5ಕ್ಕೆ ಲೆವೆಲ್ 5, 3-2ಕ್ಕೆ ಲೆವೆಲ್ 6. ಇದು ಹಳೆಯ, ಗಟ್ಟಿ ಕ್ರಮ. ಎದುರಾಳಿಗಿಂತ ಬೋರ್ಡಿನಲ್ಲಿ ಒಂದು ಯೂನಿಟ್ ಜಾಸ್ತಿ ಇರುತ್ತದೆ, ಅದೇ ಲಾಭ. ಸ್ಟೇಜ್ 2ರಲ್ಲಿ ಜನರೊಡನೆ ಆಡುವ ಹೊಡೆದಾಟ ಐದು. ಐದೂ ಗೆದ್ದರೆ ಸ್ಟ್ರೀಕ್ ಚೆನ್ನಾಗಿ ಬೆಳೆದಿರುತ್ತದೆ, ಎಚ್‌ಪಿ 100 ಹಾಗೇ ಇರುತ್ತದೆ.

ಇದರ ಸೊಗಸು ಎಂದರೆ ಮುಂದೆ ತಪ್ಪು ಮಾಡಲು ಜಾಗ ಸಿಗುತ್ತದೆ. ಸ್ಟೇಜ್ 4ರಲ್ಲಿ ಎರಡು ಸಲ ಸೋತರೂ ಗಾಬರಿಯಾಗಿ ರೋಲ್ (2 ಗೋಲ್ಡ್ ಕೊಟ್ಟು ಶಾಪ್ ತಿರುಗಿಸುವುದು) ಮಾಡಬೇಕಿಲ್ಲ. ರ‍್ಯಾಂಕ್ ಏರಲು ಮೊದಲ ನಾಲ್ಕರೊಳಗೆ ಬಂದರೆ ಸಾಕು ಎನ್ನುವವರಿಗೆ ಇದಕ್ಕಿಂತ ನೆಮ್ಮದಿಯ ದಾರಿ ಇಲ್ಲ.

ತೊಂದರೆ? ಕ್ಯಾರೋಸೆಲ್‌ನಲ್ಲಿ (ಎಲ್ಲರೂ ಐಟಂ ಹಿಡಿದ ಒಬ್ಬೊಬ್ಬ ಚಾಂಪಿಯನ್‌ನನ್ನು ಆರಿಸಿಕೊಳ್ಳುವ ರೌಂಡ್) ನಿಮ್ಮನ್ನು ಕೊನೆಗೆ ಬಿಡುತ್ತಾರೆ. ಎಚ್‌ಪಿ ಕಡಿಮೆ ಇರುವವರು ಮೊದಲು ಆರಿಸಿಕೊಂಡು ಹೋಗುತ್ತಾರೆ, ನಿಮಗೆ ಉಳಿದದ್ದು. ಸ್ಟ್ರೀಕ್ ಕಾಪಾಡಲೇಬೇಕು ಎಂಬ ಹಟಕ್ಕೆ ಬಿದ್ದರೆ ಇನ್ನೊಂದು ಅಪಾಯ. ಆರನೇ ಗೆಲುವಿಗಾಗಿ ಲೆವೆಲ್ 5ರಲ್ಲಿ 14 ಗೋಲ್ಡ್ ರೋಲ್ ಮಾಡಿದರೆ ಅದು ಏಳು ಸಲದ ಶಾಪ್ ಅಷ್ಟೇ. ಸ್ಟ್ರೀಕ್ ಕೊಡುವುದು 3. ಲೆಕ್ಕ ನೀವೇ ಹಾಕಿ.

ಸೋಲುತ್ತಾ ಕೂಡಿಡುವ ದಾರಿ

ಶಾಪ್ ಕೈಕೊಟ್ಟಾಗ ಬೇಕೆಂದೇ ಸೋಲುವುದು. ಎಕ್ಸ್‌ಪಿ ಕೊಳ್ಳುವುದಿಲ್ಲ, ರೋಲ್ ಮಾಡುವುದಿಲ್ಲ. ಸೋಲಿನ ಸ್ಟ್ರೀಕ್ ಗೋಲ್ಡ್ ಬರುತ್ತದೆ, ಕೂಡಿಟ್ಟದ್ದು ಬೇಗ 50ಕ್ಕೆ ಮುಟ್ಟುತ್ತದೆ, ಕ್ಯಾರೋಸೆಲ್‌ನಲ್ಲಿ ಮೊದಲ ಆಯ್ಕೆ ನಿಮ್ಮದು.

ಸೋಲುವುದಕ್ಕೂ ಕೈಚಳಕ ಬೇಕು. ಬೋರ್ಡ್ ಖಾಲಿ ಬಿಡುವವರು ಪೂರ್ತಿ ಪೆಟ್ಟು ತಿನ್ನುತ್ತಾರೆ. ಸ್ವಲ್ಪ ಹೊಡೆದು, ಎದುರಾಳಿಯ ಎರಡು ಮೂರು ಯೂನಿಟ್ ಕೆಡವಿ, ಕೊನೆಗೆ ಸೋಲಬೇಕು. ಹಾಗಾದರೆ ಪೆಟ್ಟು ಸಣ್ಣದು. ಬೆಂಚ್ (ಬೋರ್ಡಿಗೆ ಇಳಿಸದವರು ಕೂರುವ ಸಾಲು) ಮೇಲೂ ಕಣ್ಣಿರಲಿ. 19 ಗೋಲ್ಡ್ ಇದ್ದು, ಬೆಂಚಿನಲ್ಲಿ ಉಪಯೋಗಕ್ಕೆ ಬಾರದ 1 ಗೋಲ್ಡಿನ ಚಾಂಪಿಯನ್ ಇದ್ದರೆ ಮಾರಿ 20 ಮಾಡಿಕೊಳ್ಳಿ. ಒನ್ ಸ್ಟಾರ್ ಯೂನಿಟ್ ಮಾರಿದರೆ ಕೊಟ್ಟಷ್ಟೇ ವಾಪಸ್ ಬರುತ್ತದೆ, ಒಂದು ಬಡ್ಡಿ ಬಿಟ್ಟಿ.

ಒಂದು ತಮಾಷೆಯೂ ಇದೆ. ಒಂದೇ ಗೇಮ್‌ನಲ್ಲಿ ಇಬ್ಬರು ಬೇಕೆಂದೇ ಸೋಲುತ್ತಿದ್ದು, ಅವರಿಬ್ಬರೇ ಎದುರುಬದುರಾದರೆ ಒಬ್ಬ ಗೆಲ್ಲಲೇಬೇಕಲ್ಲ! ನಾಲ್ಕು ರೌಂಡ್ ಎಚ್‌ಪಿ ಕೊಟ್ಟು ಬೆಳೆಸಿದ ಸ್ಟ್ರೀಕ್ ಒಂದು ಬೇಡದ ಗೆಲುವಿನಿಂದ ಹಾಳು. ಹಾಗಾಗಿ ಇನ್ನೊಬ್ಬ ಸೋಲುಗಾರ ಇದ್ದಾನಾ ಎಂದು 2-2ರಲ್ಲೇ ಎಲ್ಲರ ಬೋರ್ಡ್ ಒಮ್ಮೆ ನೋಡಿ ಬನ್ನಿ.

ಕೆಲವು ಸೆಟ್‌ಗಳು ಸೋಲನ್ನೇ ಬೆಳೆಯಾಗಿಸಿದ್ದವು. 2020ರ ಫೇಟ್ಸ್ ಸೆಟ್‌ನ ಫಾರ್ಚೂನ್, 2021ರ ಗಿಜ್ಮೋಸ್ ಆಂಡ್ ಗ್ಯಾಜೆಟ್ಸ್‌ನ ಮರ್ಸಿನರಿ, 2023ರ ರೀಮಿಕ್ಸ್ ರಂಬಲ್‌ನ ಹಾರ್ಟ್‌ಸ್ಟೀಲ್. ಇವೆಲ್ಲ ಸೋಲುತ್ತಾ ಹೋದಷ್ಟೂ ಬಹುಮಾನ ದೊಡ್ಡದು ಮಾಡುವ ಗುಂಪುಗಳು. ಅಂಥದ್ದು ಶುರುವಿನಲ್ಲೇ ಕೈಗೆ ಸಿಕ್ಕರೆ ಈ ದಾರಿ ಧೈರ್ಯವಾಗಿ ಹಿಡಿಯಬಹುದು. ಇಲ್ಲದಿದ್ದರೆ ನಿಲ್ಲಿಸುವ ಹೊತ್ತನ್ನು ಮುಂಚೆಯೇ ಗೊತ್ತು ಮಾಡಿಕೊಳ್ಳಿ. ನನ್ನ ಮಟ್ಟಿಗೆ ಸ್ಟೇಜ್ 3 ಮುಗಿಯುವಷ್ಟರಲ್ಲಿ ತಿರುಗಿ ನಿಲ್ಲಬೇಕು, ಎಚ್‌ಪಿ 50ಕ್ಕಿಂತ ಕೆಳಗಿಳಿದರೆ ಇನ್ನೂ ಬೇಗ. 25 ಎಚ್‌ಪಿಯಲ್ಲಿ 70 ಗೋಲ್ಡ್ ಇಟ್ಟುಕೊಂಡು ರೋಲ್ ಶುರು ಮಾಡುವುದು ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಕೆಲಸ.

ರ‍್ಯಾಂಕ್ ಕೆಳಗಿರುವವರಿಗೆ ಈ ದಾರಿ ನಾನು ಹೇಳುವುದಿಲ್ಲ. ಮೊದಲ ಸ್ಥಾನ ಬರುವ ಸಾಧ್ಯತೆ ಜಾಸ್ತಿ, ಎಂಟನೆಯದು ಬರುವ ಸಾಧ್ಯತೆ ಅದಕ್ಕಿಂತ ಜಾಸ್ತಿ.

ನಿಧಾನವಾಗಿ ರೋಲ್ ಮಾಡುವ ದಾರಿ

ಸ್ಲೋ ರೋಲ್ ಎನ್ನುತ್ತಾರೆ. 50 ಗೋಲ್ಡ್ ಮುಟ್ಟುವ ತನಕ ಕೂಡಿಡಿ. ಆಮೇಲೆ ಪ್ರತಿ ರೌಂಡ್ 50ರ ಮೇಲೆ ಎಷ್ಟು ಇದೆಯೋ ಅಷ್ಟನ್ನು ಮಾತ್ರ ರೋಲ್ ಮಾಡಿ. ಬಡ್ಡಿ ಪೂರ್ತಿ ಬರುತ್ತಲೇ ಇರುತ್ತದೆ. ಲೆವೆಲ್ ಏರಿಸದೆ ಒಂದು ಕಡೆ ನಿಂತು, ಅಗ್ಗದ ಚಾಂಪಿಯನ್‌ಗಳನ್ನು ತ್ರೀ ಸ್ಟಾರ್ ಮಾಡುವುದು ಗುರಿ.

ಎಲ್ಲಿ ನಿಲ್ಲಬೇಕು ಎಂಬುದು ಶಾಪ್‌ನ ಶೇಕಡಾವಾರಿನ ಮೇಲೆ. ಲೆವೆಲ್ 5ರಲ್ಲಿ 1 ಗೋಲ್ಡಿನವರು ಬರುವ ಸಾಧ್ಯತೆ ಶೇ. 45. ಲೆವೆಲ್ 6ರಲ್ಲಿ 2 ಗೋಲ್ಡಿನವರು ಶೇ. 40. 3 ಗೋಲ್ಡಿನವರಿಗೆ ಲೆವೆಲ್ 7 ಒಳ್ಳೆಯದು. ಸೆಟ್‌ನಿಂದ ಸೆಟ್‌ಗೆ ಈ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ, ನಿಲ್ಲುವ ಜಾಗ ಮಾತ್ರ ಹೆಚ್ಚು ಬದಲಾಗಿಲ್ಲ.

ಫೋನಿನಲ್ಲಿ ಆಡುವವರಿಗೆ, ಕೆಲಸದಿಂದ ಸುಸ್ತಾಗಿ ಬಂದು ಒಂದು ಗೇಮ್ ಆಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ರೌಂಡಿಗೆ ನಾಲ್ಕೈದು ಸಲ ಶಾಪ್ ನೋಡಿದರೆ ಆಯಿತು. ಯಾರನ್ನು ಹುಡುಕುತ್ತಿದ್ದೀರಿ ಎಂಬುದು ಮೊದಲೇ ಗೊತ್ತು. ಗೇಮ್‌ನೊಳಗಿನ ಟೀಮ್ ಪ್ಲ್ಯಾನರ್‌ನಲ್ಲಿ ಹೆಸರು ಹಾಕಿಟ್ಟರೆ ಶಾಪ್‌ನಲ್ಲಿ ಬಂದಾಗ ಅದೇ ಎತ್ತಿ ತೋರಿಸುತ್ತದೆ. ನಡುವೆ ಸಿಗ್ನಲ್ ಒಂದು ರೌಂಡ್ ಹೋದರೂ ದೊಡ್ಡ ನಷ್ಟವಿಲ್ಲ.

ಆದರೆ ಒಂದು ಷರತ್ತಿದೆ. ಒಂಬತ್ತು ಪ್ರತಿ ಬೇಕು. ಅದೇ ಚಾಂಪಿಯನ್ ಇನ್ನೊಬ್ಬನ ಬೋರ್ಡಿನಲ್ಲಿ ಟೂ ಸ್ಟಾರ್ ಆಗಿ ಕೂತಿದ್ದರೆ, ಬೆಂಚಿನಲ್ಲಿ ಇನ್ನೆರಡು ಇದ್ದರೆ, ರಾಶಿಯಿಂದ ಐದು ಹೋಯಿತು. ಸ್ಟೇಜ್ 3ರ ಕೊನೆಗೆ ಐದಾರು ಪ್ರತಿಯೂ ಸಿಗದಿದ್ದರೆ ಬಿಟ್ಟು ಲೆವೆಲ್ ಏರಿಸಿ. "ಇನ್ನೊಂದೇ ರೌಂಡ್ ನೋಡೋಣ" ಎನ್ನುತ್ತಲೇ ಸ್ಟೇಜ್ 5 ಬಂದುಬಿಡುತ್ತದೆ. ಆಗ ಉಳಿದವರು ಲೆವೆಲ್ 8ರಲ್ಲಿ, ನೀವು ಲೆವೆಲ್ 6ರಲ್ಲಿ. ತ್ರೀ ಸ್ಟಾರ್ ಆದರೂ ಕೊನೆಯಲ್ಲಿ 5 ಗೋಲ್ಡಿನ ಚಾಂಪಿಯನ್‌ಗಳ ಎದುರು ಏದುಸಿರು ಬಿಡಬೇಕಾಗುತ್ತದೆ. ಮೂರು ನಾಲ್ಕನೇ ಸ್ಥಾನ ಸುಲಭ, ಮೊದಲ ಸ್ಥಾನ ಕಷ್ಟ.

ಬೇಗ ಲೆವೆಲ್ 8

ಫಾಸ್ಟ್ 8. ಶುರುವಿನಲ್ಲಿ ಅಗ್ಗದ ಬೋರ್ಡಿನಲ್ಲಿ ನಡುವಿನ ಮಟ್ಟಕ್ಕೆ ಆಡಿ, ಬಡ್ಡಿ ಬೆಳೆಸಿ, 4-2ರ ಸುತ್ತಮುತ್ತ ಲೆವೆಲ್ 8ಕ್ಕೆ ಹಾರಿ, ಉಳಿದ 30 ಚಿಲ್ಲರೆ ಗೋಲ್ಡನ್ನು ಒಂದೇ ಸಲ ರೋಲ್ ಮಾಡಿ 4 ಗೋಲ್ಡಿನ ಚಾಂಪಿಯನ್‌ಗಳನ್ನು ಹಿಡಿಯುವುದು. ವಿಡಿಯೋಗಳಲ್ಲಿ ನೋಡಲು ಇದೇ ಚೆಂದ.

ಇಲ್ಲಿ ಒಂದು ಲೆಕ್ಕ ನೋಡಿ. ಲೆವೆಲ್ 8ರಲ್ಲಿ ಶಾಪ್‌ನ ಐದು ಜಾಗದಲ್ಲಿ ಸರಾಸರಿ ಒಂದು 4 ಗೋಲ್ಡಿನದು ಎಂದುಕೊಳ್ಳಿ. 4 ಗೋಲ್ಡಿನ ಚಾಂಪಿಯನ್‌ಗಳು ಹನ್ನೆರಡು ಬಗೆ ಇದ್ದರೆ, ನಿಮಗೆ ಬೇಕಾದ ಒಬ್ಬನ ಒಂದು ಪ್ರತಿಗೆ ಸರಾಸರಿ ಹನ್ನೆರಡು ರೋಲ್, ಅಂದರೆ 24 ಗೋಲ್ಡ್. ಅವನನ್ನೇ ಟೂ ಸ್ಟಾರ್ ಮಾಡಬೇಕೆಂದರೆ 72 ಗೋಲ್ಡ್ ರೋಲಿಗೆ, ಕೊಳ್ಳಲು ಇನ್ನೂ 12. ನಿಮ್ಮ ಹತ್ತಿರ ಇರುವುದು 30. ಅದೃಷ್ಟ ಇದ್ದರೆ ಆಗುತ್ತದೆ, ನಂಬಿಕೊಂಡರೆ ಮುಳುಗುತ್ತೀರಿ.

ಹಾಗಾದರೆ ಚೆನ್ನಾಗಿ ಆಡುವವರು ಗೆಲ್ಲುವುದು ಹೇಗೆ? ಅವರು ಒಬ್ಬನನ್ನು ಹುಡುಕುವುದಿಲ್ಲ. ಕೈಯಲ್ಲಿರುವ ಐಟಂ ಹಿಡಿಯಬಲ್ಲ ಮೂರು ನಾಲ್ಕು ಜನರಲ್ಲಿ ಯಾರು ಮೊದಲು ಟೂ ಸ್ಟಾರ್ ಆಗುತ್ತಾರೋ ಅವರನ್ನು ಇಟ್ಟುಕೊಂಡು ಬೋರ್ಡ್ ಕಟ್ಟುತ್ತಾರೆ. ಅದಕ್ಕೆ ಆ ಸೆಟ್‌ನ ಎಲ್ಲ ಚಾಂಪಿಯನ್‌ಗಳೂ ಬಾಯಿಪಾಠ ಇರಬೇಕು. ಹೊಸ ಸೆಟ್ ಬಂದ ಮೊದಲ ವಾರದಲ್ಲಿ ಈ ದಾರಿ ಹಿಡಿಯಬೇಡಿ, ಸಣ್ಣ ಪರದೆಯ ಫೋನಿನಲ್ಲಂತೂ ಬೇಡವೇ ಬೇಡ.

ಮೊದಲು ಹೇಳಿದ ಗೆಲುವಿನ ದಾರಿ ಮತ್ತು ಇದು ಚೆನ್ನಾಗಿ ಕೂಡುತ್ತವೆ. ಸ್ಟೇಜ್ 2, 3ರಲ್ಲಿ ಗೆದ್ದು ಬಂದವನಿಗೆ ಲೆವೆಲ್ 8ರಲ್ಲಿ ರೋಲ್ ಕೈಕೊಟ್ಟರೂ ಇನ್ನೊಂದು ಸಲಕ್ಕೆ ಎಚ್‌ಪಿ ಇರುತ್ತದೆ. ಸೋಲುತ್ತಾ ಬಂದವನಿಗೆ ಅದೇ ಕೊನೆಯ ರೋಲ್.

ಬಡ್ಡಿಯೇ ಬೇಡ ಎನ್ನುವವರಿಗೆ

ಇಷ್ಟೆಲ್ಲ ಲೆಕ್ಕ ತಲೆನೋವು ಅನಿಸಿದರೆ ಆಟವನ್ನೇ ಬದಲಿಸಬಹುದು. ಹಾರ್ತ್‌ಸ್ಟೋನ್ ಬ್ಯಾಟಲ್‌ಗ್ರೌಂಡ್ಸ್‌ನಲ್ಲಿ ಉಳಿದ ಗೋಲ್ಡ್ ಮುಂದಿನ ಸರದಿಗೆ ಬರುವುದೇ ಇಲ್ಲ. 3 ಗೋಲ್ಡಿನಿಂದ ಶುರುವಾಗಿ ಸರದಿಗೆ ಒಂದರಂತೆ 10ರ ತನಕ ಏರುತ್ತದೆ. ಮಿನಿಯನ್ (ಹೊಡೆದಾಡುವ ಯೂನಿಟ್) ಕೊಳ್ಳಲು 3, ಮಾರಿದರೆ 1. ಅಲ್ಲಿ ಉಳಿತಾಯ ಎಂದರೆ ಟ್ಯಾವರ್ನ್, ಅಂದರೆ ಶಾಪ್‌ನ ಹಂತ, ಏರಿಸುವುದು. ಏರಿಸದೆ ಬಿಟ್ಟ ಪ್ರತಿ ಸರದಿಗೆ ಅದರ ಬೆಲೆ 1 ಇಳಿಯುತ್ತದೆ. ಹಾಗಾಗಿ ಎರಡನೇ ಸರದಿಯಲ್ಲಿ 4 ಗೋಲ್ಡಿಗೆ ಸರಿಯಾಗಿ ಎರಡನೇ ಹಂತ ಸಿಗುತ್ತದೆ. ಆ ಸರದಿಯಲ್ಲಿ ಮಿನಿಯನ್ ಕೊಂಡವನು ಇವತ್ತು ಗೆಲ್ಲುತ್ತಾನೆ, ಏರಿಸಿದವನು ನಾಳೆಯಿಂದ ಒಳ್ಳೆಯ ಶಾಪ್ ನೋಡುತ್ತಾನೆ. ಅದೇ ಹಗ್ಗಜಗ್ಗಾಟ, ಆದರೆ ಲೆಕ್ಕ ಚಿಕ್ಕದು.

ಸೂಪರ್ ಆಟೋ ಪೆಟ್ಸ್ ಇನ್ನೂ ಸರಳ. ಪ್ರತಿ ಸರದಿಗೆ 10 ಗೋಲ್ಡ್, ಪ್ರಾಣಿಗೆ 3, ರೋಲಿಗೆ 1, ಉಳಿದದ್ದು ಹೋಯಿತು. ಅದರ ಅರೀನಾ ಎಂಬ ಬಗೆಯಲ್ಲಿ ಎದುರಾಳಿ ಕಾಯುತ್ತಾ ಕೂರುವುದಿಲ್ಲ, ಬಸ್ಸಿನಿಂದ ಇಳಿದು ಮನೆಗೆ ಹೋಗಿ ಮುಂದುವರಿಸಬಹುದು. ಟಿಎಫ್‌ಟಿಯ ಒಂದು ಗೇಮ್ ಅರ್ಧ ಗಂಟೆ ದಾಟುತ್ತದೆ, ನಡುವೆ ಎದ್ದು ಹೋಗುವಂತಿಲ್ಲ. ದುಡ್ಡಿನ ಮಾತಿಗೆ ಬಂದರೆ ಮೂರನ್ನೂ ಪುಕ್ಕಟೆಯಾಗಿ ಶುರು ಮಾಡಬಹುದು. ಟಿಎಫ್‌ಟಿಯಲ್ಲಿ ರೊಕ್ಕ ಕೊಟ್ಟರೆ ಸಿಗುವುದು ಬಣ್ಣ, ಬೊಂಬೆ ಅಷ್ಟೇ, ಬಲ ಬರುವುದಿಲ್ಲ. ಬ್ಯಾಟಲ್‌ಗ್ರೌಂಡ್ಸ್‌ನಲ್ಲಿ ದುಡ್ಡು ಕೊಟ್ಟವರಿಗೆ ಆರಿಸಿಕೊಳ್ಳಲು ಹೆಚ್ಚು ಹೀರೋಗಳನ್ನು ಕೊಡುತ್ತಿದ್ದುದು ಬಹಳ ಜನಕ್ಕೆ ಹಿಡಿಸಿರಲಿಲ್ಲ.

ಮೂರು ಕೈಗಳು, ಮೂರು ತೀರ್ಮಾನ

2-1ರಲ್ಲಿ ನಿಮ್ಮ ಮುಂದೆ ಟೂ ಸ್ಟಾರ್ ಟ್ಯಾಂಕ್ ಒಂದು, ಟೂ ಸ್ಟಾರ್ ಹೊಡೆಯುವವನು ಒಬ್ಬ, ಐಟಂ ಚೈನ್ ವೆಸ್ಟ್ ಮತ್ತು ಬೋ. ಗೋಲ್ಡ್ 11. ಹಿಂದೆಮುಂದೆ ನೋಡದೆ 4 ಕೊಟ್ಟು ಲೆವೆಲ್ ಏರಿಸಿ. 10ಕ್ಕಿಂತ ಕೆಳಗಿಳಿದು ಒಂದು ಬಡ್ಡಿ ಹೋಗುತ್ತದೆ, ಹೋಗಲಿ. ಈ ಕೈ ಐದು ರೌಂಡ್ ಗೆಲ್ಲಬಲ್ಲದು.

ಅದೇ 2-1, ಆದರೆ ಐದೂ ಒನ್ ಸ್ಟಾರ್, ಒಬ್ಬರಿಗೊಬ್ಬರು ಸಂಬಂಧವಿಲ್ಲ. ಐಟಂ ಟಿಯರ್ ಮತ್ತು ಗ್ಲವ್ಸ್. ಗೋಲ್ಡ್ 12. ಎಕ್ಸ್‌ಪಿ ಮುಟ್ಟಬೇಡಿ. ಜೋಡಿಗಳನ್ನು ಮಾತ್ರ ಹಿಡಿದು, ಚಿಕ್ಕದಾಗಿ ಸೋಲುತ್ತಾ 3-2ರ ತನಕ ಕೂಡಿಡಿ. ನಡುವೆ ಒಂದೇ ಅಗ್ಗದ ಚಾಂಪಿಯನ್‌ನ ನಾಲ್ಕೈದು ಪ್ರತಿ ತಾವಾಗಿ ಬಂದರೆ ಸ್ಲೋ ರೋಲ್ ಕಡೆ ತಿರುಗಿ. ಇಲ್ಲದಿದ್ದರೆ ಲೆವೆಲ್ ಏರಿಸುವ ಕಡೆ.

ಮೂರನೆಯದು ಎಲ್ಲರಿಗೂ ಬರುವ ಕೈ. 3-2, ಒಂದು ಗೆಲುವು ಒಂದು ಸೋಲು ಎನ್ನುತ್ತಾ ಬಂದಿದ್ದೀರಿ. ಎರಡು ದೋಣಿಯ ಮೇಲೆ ಕಾಲಿಟ್ಟ ಸ್ಥಿತಿ. ಎಚ್‌ಪಿ 78, ಗೋಲ್ಡ್ 32, ಲೆವೆಲ್ 5, ಎಕ್ಸ್‌ಪಿ 20ಕ್ಕೆ 12, ಬೆಂಚಿನಲ್ಲಿ 2 ಗೋಲ್ಡಿನವರ ಎರಡು ಜೋಡಿ. 8 ಗೋಲ್ಡಿಗೆ ಲೆವೆಲ್ 6 ಮಾಡಿಕೊಳ್ಳಿ. ಬೋರ್ಡಿಗೆ ಒಬ್ಬ ಹೆಚ್ಚು, 2 ಗೋಲ್ಡಿನವರು ಬರುವ ಸಾಧ್ಯತೆಯೂ ಹೆಚ್ಚು. 24 ಉಳಿಯುತ್ತದೆ. ಎರಡು ಸಲ ರೋಲ್ ಮಾಡಿ 20ಕ್ಕೆ ನಿಲ್ಲಿ. ಜೋಡಿ ಪೂರ್ತಿಯಾಗುವ ಚಾಂಪಿಯನ್ ಕಂಡರೆ 18ಕ್ಕೆ ಇಳಿದರೂ ಕೊಳ್ಳಿ. ಕಾಣದಿದ್ದರೆ ಮೂರನೇ ರೋಲ್ ಬೇಡ, ಮುಂದಿನ ರೌಂಡಿನ ಶಾಪ್ ಪುಕ್ಕಟೆಯಾಗಿ ಬರುತ್ತದೆ.